ಕಾಣದ ಕೈ: ಗೊಂಬೆಗಳು ನಡೆಯತೊಡಗಿದ ಕಥೆ

ಕಳೆದ ನವರಾತ್ರಿಯಲ್ಲಿ ನಮ್ಮ ಮನೆಯಲ್ಲಿ ಎಂದಿನಂತೆ ಗೊಂಬೆ ಕೂರಿಸಿದ್ದೆವು. ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳು, ಕೆಳಗೆ ಅಂಗಡಿ ತೆರೆದು ಕುಳಿತ ಶೆಟ್ಟಿ-ಶೆಟ್ಟಿತಿಯರು, ನೆಲದ ಮೇಲೆ ರಾಗಿಯ ಪೈರು ಬೆಳೆಸಿ ಮಾಡಿದ ಪಾರ್ಕು, ಅದರ ನಡುವೆ ಕನ್ನಡಿಯ ಕೊಳ. ರಜೆಗೆಂದು ಬಂದಿದ್ದ ಮೊಮ್ಮಗಳು ಒಂದು ಮಧ್ಯಾಹ್ನ ಶೆಟ್ಟಿಯನ್ನು ಅಂಗಡಿಯಿಂದ ಎತ್ತಿ ಪಾರ್ಕಿನ ಅಂಚಿನಲ್ಲಿಟ್ಟಳು. ತನ್ನ ಮೊಬೈಲನ್ನು ನನ್ನ ಎರಡು ದಪ್ಪ ನಿಘಂಟುಗಳ ನಡುವೆ ಅಲುಗಾಡದಂತೆ ಸಿಕ್ಕಿಸಿ, ಶೆಟ್ಟಿಯನ್ನು ಒಂದು ಗೋಧಿಕಾಳಿನಷ್ಟು ಮುಂದಕ್ಕೆ ಸರಿಸುವುದು, ಕೈ ಹಿಂದೆಗೆದು ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು, ಮತ್ತೆ ತೆಗೆಯುವುದು. ಹೀಗೆ ಎರಡು ಗಂಟೆಯ ಕಾಲ ತಿಂಡಿಯ ಹೊತ್ತನ್ನೂ ಮರೆತು ಕುಳಿತಿದ್ದಳು. ಕೊನೆಗೆ ನನ್ನನ್ನು ಕರೆದು ತೋರಿಸಿದಳು. 120 ಚಿತ್ರಗಳು ಹತ್ತು ಸೆಕೆಂಡಿನಲ್ಲಿ ಓಡಿಹೋದವು. ನನ್ನ ಮದುವೆಯ ಕಾಲದಿಂದಲೂ ಅಕ್ಕಿಬೇಳೆ ಮುಂದಿಟ್ಟುಕೊಂಡು ಒಂದೇ ಕಡೆ ಕುಳಿತಿದ್ದ ನಮ್ಮ ಶೆಟ್ಟಿ, ಕುಳಿತ ಭಂಗಿಯಲ್ಲಿಯೇ ಕೊಳದ ದಡದ ಮೇಲೆ ಗಾಳಿಸೇವನೆಗೆ ಹೊರಟಿದ್ದ!

"ಜಾದೂ ಅಲ್ಲವೇ ತಾತ?" ಎಂದಳು.

ಅಲ್ಲ, ಇದಕ್ಕೆ ದೃಷ್ಟಿಯ ಶಾಸ್ತ್ರ ಕಾರಣ ಎಂದು ವಿವರಿಸಲು ಹೊರಟವನು ಅಲ್ಲಿಯೇ ತಡೆದೆ. ಮೂವತ್ತು ವರ್ಷಕ್ಕೂ ಮೀರಿ ಚರಿತ್ರೆಯ ಪಾಠ ಹೇಳಿದವನಿಗೆ ಅವಳ ಮಾತು ಅಕ್ಷರಶಃ ನಿಜವೆಂಬುದು ನೆನಪಾಯಿತು. ಪುಟ್ಟ ದೃಶ್ಯವೊಂದನ್ನು ಕಟ್ಟಿ ಅದರೊಳಗಿನ ಜಡವಸ್ತುಗಳನ್ನು ನಡೆಸುವ ಈ ವಿದ್ಯೆಯ ಹಿರಿಯರಲ್ಲಿ ಒಬ್ಬರು ವೃತ್ತಿಯಿಂದಲೇ ಜಾದೂಗಾರರು; ಮಿಕ್ಕವರು ಕಥೆಪುಸ್ತಕಗಳ ಹುಚ್ಚು ಹಿಡಿದವರು. ಅವರ ಬಗ್ಗೆ ಬರೆಯಬೇಕೆಂದು ಅಂದೇ ಅಂದುಕೊಂಡೆ. ಬರೆಯಲು ಇನ್ನೊಂದು ಕಾರಣವೂ ಉಂಟು. ಅದು ನನ್ನದೇ ಒಂದು ತಪ್ಪಿಗೆ ಸಂಬಂಧಿಸಿದ್ದು, ಕೊನೆಯಲ್ಲಿ ಹೇಳುತ್ತೇನೆ.

ಮೊದಲು 'ಡಯೋರಮಾ' ಎಂಬ ಶಬ್ದವನ್ನು ನೋಡೋಣ. ಇಂದು ನಾವು ಇದನ್ನು ಪೆಟ್ಟಿಗೆಯೊಳಗೆ ಕಟ್ಟಿದ ಪುಟ್ಟ ದೃಶ್ಯಕ್ಕೆ ಬಳಸುತ್ತೇವೆ. ಮಕ್ಕಳು ವಸ್ತುಪ್ರದರ್ಶನಕ್ಕೆ ರಟ್ಟಿನಲ್ಲಿ ಮಾಡುವ ಕಾಡು, ಗುಡಿಸಲು, ಜಲಪಾತಗಳೆಲ್ಲ ಈ ಜಾತಿಗೆ ಸೇರಿದವು. ಆದರೆ ಹುಟ್ಟಿದಾಗ ಇದು ಪುಟ್ಟದಾಗಿರಲಿಲ್ಲ. 1822ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಡಗೆರ್ ಎಂಬ ರಂಗಚಿತ್ರಕಾರ, ಷಾರ್ಲ್ ಬೂಟೊನ್ ಎಂಬ ಜೊತೆಗಾರನೊಡನೆ ಸೇರಿ ಈ ಹೆಸರಿನ ಪ್ರದರ್ಶನಶಾಲೆಯನ್ನು ತೆರೆದ. ಗ್ರೀಕ್ ಭಾಷೆಯಲ್ಲಿ 'ಡಿಯಾ' ಎಂದರೆ ಮೂಲಕ, 'ಹೊರಾಮ' ಎಂದರೆ ನೋಟ. ಹಾಯ್ದು ಕಾಣುವ ನೋಟವೆಂದು ಅರ್ಥ. ಸುಮಾರು 22 ಮೀಟರ್ ಅಗಲ, 14 ಮೀಟರ್ ಎತ್ತರದ ತೆಳುವಾದ ಬಟ್ಟೆಯ ಮೇಲೆ ಅವನು ಚಿತ್ರ ಬರೆಯುತ್ತಿದ್ದ. ಎದುರಿನಿಂದ ಬೆಳಕು ಬಿದ್ದರೆ ಒಂದು ನೋಟ, ಹಿಂದಿನಿಂದ ಬೆಳಕು ಹಾಯ್ದರೆ ಇನ್ನೊಂದು ನೋಟ. 1834ರ ಒಂದು ಪ್ರದರ್ಶನದಲ್ಲಿ ಪ್ರೇಕ್ಷಕರು ಮೊದಲು ಹಗಲಿನ ಖಾಲಿ ಚರ್ಚನ್ನು ಕಂಡರು. ಬೆಳಕು ಕುಗ್ಗುತ್ತ ಸಂಜೆಯಾಯಿತು, ಕತ್ತಲಾಯಿತು, ದೀಪಗಳು ಹತ್ತಿಕೊಂಡವು. ನೋಡಿದರೆ ಖಾಲಿಯಿದ್ದ ಕುರ್ಚಿಗಳಲ್ಲಿ ನಡುರಾತ್ರಿಯ ಪ್ರಾರ್ಥನೆಗೆ ಬಂದ ಜನ ತುಂಬಿದ್ದರು! ಬಟ್ಟೆ ಅಲುಗಿರಲಿಲ್ಲ, ಬಣ್ಣ ಬದಲಾಗಿರಲಿಲ್ಲ. ಮರೆಯಲ್ಲಿ ಯಾರದೋ ಕೈ ಕಿಟಕಿಯ ಹಲಗೆಗಳನ್ನು ಎಳೆದು ಬಿಡುತ್ತಿತ್ತು, ಅಷ್ಟೇ.

ಈ ಶಾಲೆ 1839ರ ಮಾರ್ಚಿನಲ್ಲಿ ಬೆಂಕಿಗೆ ಆಹುತಿಯಾಯಿತು. ಅದೇ ವರ್ಷ ಡಗೆರ್ ತನ್ನ ಇನ್ನೊಂದು ಸಾಧನೆಯಿಂದ ಜಗತ್ಪ್ರಸಿದ್ಧನಾದ. ಬೆಳ್ಳಿಯ ಲೇಪವಿದ್ದ ತಗಡಿನ ಮೇಲೆ ಬೆಳಕಿನಿಂದಲೇ ಚಿತ್ರ ಮೂಡಿಸುವ 'ಡಗೆರೊಟೈಪ್' ಅದು. ಬೊಂಬೆಮನೆ ಕಟ್ಟಿದವನೇ ಫೋಟೋ ವಿದ್ಯೆಯ ಪಿತೃಗಳಲ್ಲೊಬ್ಬನೂ ಆದನೆಂಬುದು ಗಮನಿಸಬೇಕಾದ ಸಂಗತಿ. ಕಟ್ಟಿದ ದೃಶ್ಯ, ಸೆರೆಹಿಡಿದ ಚಿತ್ರ ಇವೆರಡೂ ಒಬ್ಬನ ಮನೆಯಲ್ಲೇ ಹುಟ್ಟಿದ ಅಣ್ಣತಮ್ಮಂದಿರು. ಅವೆರಡನ್ನೂ ಕೂಡಿಸಿ ನಡೆಸಲು ಮಾತ್ರ ಇನ್ನೂ ಅರ್ಧ ಶತಮಾನ ಬೇಕಾಯಿತು.

ಆ ಕೆಲಸ ಮಾಡಿದವರು ಜಾರ್ಜ್ ಮೆಲಿಯೆಸ್. 1861ರಲ್ಲಿ ಪ್ಯಾರಿಸ್ಸಿನಲ್ಲಿ ಜನನ. ತಂದೆ ಬೂಟು ತಯಾರಿಸುವ ಶ್ರೀಮಂತ ವ್ಯಾಪಾರಿ. ಮಗನಿಗೆ ಬೂಟಿನ ಮೇಲೆ ಮನಸ್ಸಿಲ್ಲ. ಜಾದೂವಿನ ಮೇಲೆ ಜೀವ. 1888ರಲ್ಲಿ ತನ್ನ ಪಾಲಿಗೆ ಬಂದದ್ದನ್ನು ಅಣ್ಣಂದಿರಿಗೆ ಮಾರಿ, ಆ ಹಣದಿಂದ ರಾಬರ್ಟ್ ಹೂದಾಂ ಎಂಬ ಮಹಾ ಜಾದೂಗಾರನ ಹೆಸರಿನ ರಂಗಮಂದಿರವನ್ನು ಕೊಂಡರು. ಹೂದಾಂ ಮೂಲತಃ ಗಡಿಯಾರ ರಿಪೇರಿ ಬಲ್ಲವನು. ಅವನ ರಂಗದ ಮೇಲೆ ನೋಡನೋಡುತ್ತಿದ್ದಂತೆ ಕಿತ್ತಳೆಯ ಗಿಡ ಹೂಬಿಟ್ಟು ಹಣ್ಣು ಕೊಡುತ್ತಿತ್ತು. ನಮ್ಮ ಗಾರುಡಿಗರು ಸಂತೆಯಲ್ಲಿ ಕುಕ್ಕೆ ಕವುಚಿ ಮಾವಿನ ಗಿಡ ಬೆಳೆಸುತ್ತಿದ್ದುದನ್ನು ನಿಮ್ಮಲ್ಲಿ ಹಿರಿಯರು ನೋಡಿರಬಹುದು. ಅಲ್ಲಿ ಕೈಚಳಕ, ಇಲ್ಲಿ ಗಡಿಯಾರದ ಚಕ್ರಗಳು. ಅಮೆರಿಕದ ಪ್ರಸಿದ್ಧ ಹೂಡಿನಿ ತನ್ನ ಹೆಸರನ್ನು ಕಟ್ಟಿಕೊಂಡದ್ದು ಈ ಹೂದಾಂನಿಂದಲೇ.

1895ರ ಡಿಸೆಂಬರ್ 28ರಂದು ಲ್ಯೂಮಿಯೇರ್ ಸೋದರರು ಪ್ಯಾರಿಸ್ಸಿನಲ್ಲಿ ಚಲನಚಿತ್ರ ತೋರಿಸಿದಾಗ ಮೆಲಿಯೆಸ್ ಅಲ್ಲಿದ್ದರು. ಆ ಯಂತ್ರವನ್ನು ನನಗೆ ಮಾರಿ ಎಂದು ಕೇಳಿದರು. ಸೋದರರ ತಂದೆ ಕೊಡಲಿಲ್ಲ. ಛಲ ಬಿಡದೆ ಲಂಡನ್ನಿನಿಂದ ಬೇರೊಂದು ಯಂತ್ರ ತರಿಸಿ, ತಾವೇ ಕ್ಯಾಮೆರಾ ಸಿದ್ಧಪಡಿಸಿಕೊಂಡರು. ಮುಂದಿನ ಘಟನೆಯನ್ನು ಅವರೇ ಹೇಳಿಕೊಂಡಿದ್ದಾರೆ. ಪ್ಯಾರಿಸ್ಸಿನ ಅಪೆರಾ ಚೌಕದಲ್ಲಿ ಚಿತ್ರ ತೆಗೆಯುತ್ತಿದ್ದಾಗ ಕ್ಯಾಮೆರಾದಲ್ಲಿ ಫಿಲ್ಮು ಸಿಕ್ಕಿಕೊಂಡಿತು. ಬಿಡಿಸಿ ಮತ್ತೆ ಹಿಡಿ ತಿರುಗಿಸಲು ಒಂದು ನಿಮಿಷ ಹಿಡಿಯಿತು. ಮನೆಗೆ ಬಂದು ನೋಡಿದರೆ ತೆರೆಯ ಮೇಲೆ ಬರುತ್ತಿದ್ದ ಕುದುರೆಗಾಡಿ ಇದ್ದಕ್ಕಿದ್ದಂತೆ ಹೆಣದ ಗಾಡಿಯಾಯಿತು, ಗಂಡಸರು ಹೆಂಗಸರಾದರು! ಬೇರೆಯವರಾಗಿದ್ದರೆ ಯಂತ್ರ ಕೆಟ್ಟಿತೆಂದು ಬೈಯುತ್ತಿದ್ದರು. ಜಾದೂಗಾರನಿಗೆ ಅದರೊಳಗೆ ವಿದ್ಯೆಯ ಬೀಜ ಕಂಡಿತು. ಅದೇ 1896ರಲ್ಲಿ ಕುರ್ಚಿಯ ಮೇಲೆ ಕುಳಿತ ಮಹಿಳೆಯೊಬ್ಬಳು ಮಾಯವಾಗುವ ಚಿತ್ರ ತೆಗೆದರು. ರಂಗದ ಮೇಲಾದರೆ ಇದಕ್ಕೆ ನೆಲದಲ್ಲಿ ಗುಟ್ಟಿನ ಬಾಗಿಲು ಬೇಕು. ಚಿತ್ರದಲ್ಲಿ ಬೇಕಾದುದು ಕ್ಯಾಮೆರಾ ನಿಲ್ಲಿಸುವುದು, ಆಕೆ ಎದ್ದುಹೋಗುವುದು, ಮತ್ತೆ ಕ್ಯಾಮೆರಾ ನಡೆಸುವುದು, ಇಷ್ಟೇ.

ಈ ಮಾತನ್ನು ಸ್ವಲ್ಪ ನಿಂತು ಯೋಚಿಸಬೇಕು. ನಿಲ್ಲಿಸು, ಬದಲಿಸು, ನಡೆಸು: ಇದನ್ನು ಒಮ್ಮೆ ಮಾಡಿದರೆ ಮಾಯವಾಗುವ ಜಾದೂ. ಸಾವಿರ ಸಲ, ಪ್ರತಿ ಸಲವೂ ಗೋಧಿಕಾಳಿನಷ್ಟೇ ಬದಲಿಸಿ ಮಾಡಿದರೆ ಗೊಂಬೆ ನಡೆಯುತ್ತದೆ. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 24 ಚಿತ್ರಗಳಂತೆ ಒಂದು ನಿಮಿಷಕ್ಕೆ 1,440 ಚಿತ್ರಗಳು. ಪ್ರತಿ ಎರಡು ಚಿತ್ರಗಳ ನಡುವೆ ಮನುಷ್ಯನ ಕೈಯೊಂದು ಒಳಗೆ ಬಂದು, ಗೊಂಬೆಯನ್ನು ಮುಟ್ಟಿ, ಹೊರಗೆ ಹೋಗಿರುತ್ತದೆ. ನೋಡುವವರಿಗೆ ಆ ಕೈ ಒಮ್ಮೆಯೂ ಕಾಣುವುದಿಲ್ಲ. ಜಾದೂಗಾರನ ಧರ್ಮವೂ ಅದೇ ತಾನೆ?

ಮೆಲಿಯೆಸ್ 1897ರಲ್ಲಿ ಮಾಂತ್ರೊಯ್ ಎಂಬಲ್ಲಿ ಗಾಜಿನ ಗೋಡೆಗಳ ಸ್ಟುಡಿಯೋ ಕಟ್ಟಿದರು. ಮುಳುಗಿದ ಹಡಗಿನ ದೃಶ್ಯ ಬೇಕಾದಾಗ ಕ್ಯಾಮೆರಾದ ಮುಂದೆ ಮೀನಿನ ತೊಟ್ಟಿಯನ್ನಿಟ್ಟು ಅದರ ಮೂಲಕ ಚಿತ್ರಿಸಿದರು. ಸಿಡಿಯುವ ಜ್ವಾಲಾಮುಖಿ ಬೇಕಾದಾಗ ಪುಟ್ಟ ಬೆಟ್ಟವನ್ನೇ ಮಾಡಿ ಸಿಡಿಸಿದರು. ಜೂಲ್ಸ್ ವರ್ನ್ 1865ರಲ್ಲಿ ಚಂದ್ರಯಾನದ ಕಾದಂಬರಿ ಬರೆದಿದ್ದರು, ಎಚ್.ಜಿ. ವೆಲ್ಸ್ 1901ರಲ್ಲಿ ಇನ್ನೊಂದನ್ನು ಪ್ರಕಟಿಸಿದರು. ಎರಡನ್ನೂ ಬೆರೆಸಿ, ತಮ್ಮ ವಿನೋದವನ್ನು ಸೇರಿಸಿ, ಮೆಲಿಯೆಸ್ 1902ರಲ್ಲಿ 'ಚಂದ್ರಲೋಕ ಯಾತ್ರೆ'ಯನ್ನು ತೆಗೆದರು. ಚಂದ್ರನ ಮುಖದ ಕಣ್ಣಿಗೆ ಗುಂಡಿನಾಕಾರದ ನೌಕೆ ಬಂದು ನಾಟಿಕೊಳ್ಳುವ ಆ ಒಂದು ಚಿತ್ರವನ್ನು ನೋಡದವರು ವಿರಳ. ಸುಮಾರು 14 ನಿಮಿಷಗಳ ಆ ಚಿತ್ರದ ಕೆಲವು ಪ್ರತಿಗಳಿಗೆ ಹೆಣ್ಣುಮಕ್ಕಳು ಕುಂಚ ಹಿಡಿದು, ಒಂದೊಂದು ಚೌಕಕ್ಕೂ ಬಣ್ಣ ಹಚ್ಚಿದರು. ಅಂಥ ಬಣ್ಣದ ಪ್ರತಿಯೊಂದು 1993ರಲ್ಲಿ ಬಾರ್ಸಿಲೋನಾದಲ್ಲಿ ಸಿಕ್ಕಿ, 2011ರಲ್ಲಿ ಜೀರ್ಣೋದ್ಧಾರಗೊಂಡು ಮತ್ತೆ ತೆರೆ ಕಂಡಿತು.

ಕರ್ತೃವಿನ ಕಥೆ ಮಾತ್ರ ದುಃಖದ್ದು. ಅಮೆರಿಕದಲ್ಲಿ ಕಳ್ಳಪ್ರತಿಗಳು ಹಣ ಮಾಡಿದವು; ಮಾಡಿದವನು ಸಾಲಗಾರನಾದ. ಮೊದಲ ಮಹಾಯುದ್ಧದಲ್ಲಿ ಅವರ ನೂರಾರು ಚಿತ್ರಪ್ರತಿಗಳನ್ನು ಸೈನ್ಯ ವಶಪಡಿಸಿಕೊಂಡು ಕರಗಿಸಿತು. ಅದರ ಸೆಲ್ಯುಲಾಯ್ಡಿನಿಂದ ಬೂಟಿನ ಹಿಮ್ಮಡಿ ಮಾಡಿದರಂತೆ! ಬೂಟಿನಿಂದ ತಪ್ಪಿಸಿಕೊಂಡು ಬಂದವನ ಕನಸುಗಳು ಕೊನೆಗೆ ಬೂಟಿಗೇ ಹೋದವು. 1923ರಲ್ಲಿ ರಸ್ತೆ ಅಗಲ ಮಾಡಲು ಜಾದೂ ಮಂದಿರವನ್ನು ಕೆಡವಿದರು. ಅದೇ ವರ್ಷ, ಸ್ಟುಡಿಯೋವನ್ನೂ ಬಿಟ್ಟುಕೊಡಬೇಕಾಗಿ ಬಂದು, ಇಟ್ಟುಕೊಳ್ಳಲು ಸ್ಥಳವಿಲ್ಲದ ತಮ್ಮ ಚಿತ್ರಗಳ ಮೂಲಪ್ರತಿಗಳಿಗೆ ಮೆಲಿಯೆಸ್ ಕೈಯಾರ ಬೆಂಕಿಯಿಟ್ಟರು. ಹಿಂದೆ ಕುರ್ಚಿಯಿಂದ ಮಾಯವಾಗಿದ್ದ ಅದೇ ನಟಿಯನ್ನು ಮುಪ್ಪಿನಲ್ಲಿ ವಿವಾಹವಾಗಿ, ಮಾಂಪರ್ನಾಸ್ ರೈಲು ನಿಲ್ದಾಣದ ಆಕೆಯ ಪುಟ್ಟ ಅಂಗಡಿಯಲ್ಲಿ ಆಟಿಕೆ, ಮಿಠಾಯಿ ಮಾರುತ್ತ ಕುಳಿತರು. ಪತ್ರಿಕೆಯವರು ಗುರುತು ಹಿಡಿದ ಮೇಲೆ 1929ರಲ್ಲಿ ದೊಡ್ಡ ಸನ್ಮಾನ ನಡೆಯಿತು. 1931ರಲ್ಲಿ ಫ್ರಾನ್ಸಿನ ಗೌರವಪದಕ ಬಂತು. ಅದನ್ನು ತೊಡಿಸಿದವರು ಅದೇ ಲ್ಯೂಮಿಯೇರ್ ಮನೆತನದ ಲೂಯಿ. 1938ರಲ್ಲಿ ತೀರಿಕೊಂಡರು. ಸುಮಾರು 500 ಚಿತ್ರಗಳಲ್ಲಿ ಇಂದು ಉಳಿದಿರುವುದು ಇನ್ನೂರಕ್ಕೆ ಮೇಲ್ಪಟ್ಟು. ಅವೂ ಬೇರೆಯವರ ಅಟ್ಟದ ಮೇಲೆ, ಪೆಟ್ಟಿಗೆಯೊಳಗೆ ಉಳಿದುಕೊಂಡವು.

ನಮ್ಮ ದೇಶದಲ್ಲಿಯೂ ಈ ವಿದ್ಯೆ ಬಂದದ್ದು ಜಾದೂಬಲ್ಲ ಕೈಗಳಿಂದಲೇ. ದಾದಾಸಾಹೇಬ್ ಫಾಲ್ಕೆಯವರು ಚಲನಚಿತ್ರಕ್ಕೆ ಬರುವ ಮೊದಲು ಜಾದೂ ಕಲಿತು, ತಮ್ಮ ಹೆಸರನ್ನೇ ತಿರುಗಿಸಿ 'ಪ್ರೊಫೆಸರ್ ಕೆಲ್ಫಾ' ಎಂದು ಪ್ರದರ್ಶನ ಕೊಡುತ್ತಿದ್ದರು. 1912ರಲ್ಲಿ ಅವರು ಬಟಾಣಿ ಬೀಜವೊಂದನ್ನು ಕುಂಡದಲ್ಲಿ ನೆಟ್ಟು, ಕ್ಯಾಮೆರಾವನ್ನು ಅದರೆದುರು ಕದಲದಂತೆ ನಿಲ್ಲಿಸಿ, ಬಿಟ್ಟುಬಿಟ್ಟು ಒಂದೊಂದೇ ಚೌಕ ಚಿತ್ರಿಸಿದರು. ತೆರೆಯ ಮೇಲೆ ಬೀಜ ಮೊಳೆತು, ಬಳ್ಳಿಯಾಗಿ, ಕಾಯಿ ಬಿಟ್ಟಿತು. ಗಾರುಡಿಗನ ಮಾವಿನ ಗಿಡವೇ ಮತ್ತೆ ಬಂದಂತಾಯಿತು. ಈ ಸಲ ಕುಕ್ಕೆಯ ಹಂಗಿಲ್ಲದೆ! ಈ ಪುಟ್ಟ ಚಿತ್ರವನ್ನು ತೋರಿಸಿ ಸಾಲ ಪಡೆದ ಹಣದಿಂದಲೇ 1913ರ 'ರಾಜಾ ಹರಿಶ್ಚಂದ್ರ'ದ ದಾರಿ ತೆರೆಯಿತು. 1915ರಲ್ಲಿ ಬೆಂಕಿಕಡ್ಡಿಗಳನ್ನು ಕುಣಿಸುವ ಚಿತ್ರವನ್ನೂ ಅವರು ಮಾಡಿದರು.

ಜಾದೂಗಾರನಿಂದ ಈಗ ಮ್ಯೂಸಿಯಮ್ಮಿನವನ ಕಡೆಗೆ ಬರೋಣ. ವ್ಲಾಡಿಸ್ಲಾವ್ ಸ್ಟಾರೆವಿಚ್ 1882ರಲ್ಲಿ ಮಾಸ್ಕೋದಲ್ಲಿ ಪೋಲಿಷ್ ಕುಟುಂಬದಲ್ಲಿ ಹುಟ್ಟಿ, ಇಂದಿನ ಲಿಥುವೇನಿಯದ ಕೌನಾಸ್ ಊರಿನ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡುತ್ತಿದ್ದರು. 1910ರ ಸುಮಾರಿಗೆ ಕೊಂಬಿನ ಜೀರುಂಡೆಗಳ ಕಾಳಗವನ್ನು ಚಿತ್ರಿಸಬೇಕೆಂದು ಹೊರಟರು. ಆ ಜೀರುಂಡೆಗಳು ರಾತ್ರಿಯ ಜೀವಿಗಳು. ದೀಪ ಹಾಕಿದ ಕೂಡಲೇ ಕಾಳಗ ನಿಲ್ಲಿಸಿ ಸುಮ್ಮನಾಗುತ್ತಿದ್ದವು. ಕೊನೆಗೆ ಅವರು ಸತ್ತ ಜೀರುಂಡೆಗಳ ಕಾಲು ಬಿಡಿಸಿ, ತಂತಿ ಕೂಡಿಸಿ, ಮೇಣದಿಂದ ಅಂಟಿಸಿ, ಒಂದೊಂದು ಚೌಕಕ್ಕೂ ಕೈಯಿಂದ ಕದಲಿಸಿ ಯುದ್ಧ ಮಾಡಿಸಿದರು. 1912ರಲ್ಲಿ ಕೀಟಗಳೇ ಪಾತ್ರಧಾರಿಗಳಾದ ಒಂದು ಸಂಸಾರದ ಪ್ರಹಸನವನ್ನೂ ತೆಗೆದರು. ಅದರಲ್ಲಿ ಮೋಸಹೋದ ಮಿಡತೆಯೊಂದು ಕ್ಯಾಮೆರಾ ಹಿಡಿದು ಸೇಡು ತೀರಿಸಿಕೊಳ್ಳುತ್ತದೆ. ನೋಡಿದವರಲ್ಲಿ ಕೆಲವರು ಈತ ಕೀಟಗಳನ್ನು ಪಳಗಿಸಿದ್ದಾನೆಂದೇ ನಂಬಿದರಂತೆ.

ರಷ್ಯಾದ ಕ್ರಾಂತಿಯ ನಂತರ ಸ್ಟಾರೆವಿಚ್ ದೇಶ ಬಿಟ್ಟು ಫ್ರಾನ್ಸಿಗೆ ಬಂದು, ಪ್ಯಾರಿಸ್ಸಿನ ಹೊರವಲಯದ ಮನೆಯಲ್ಲಿಯೇ ಸ್ಟುಡಿಯೋ ಮಾಡಿಕೊಂಡರು. ಸಹಾಯಕ್ಕೆ ಮನೆಯವರೇ. ಫ್ರೆಂಚ್ ಕವಿ ಲಾ ಫೋಂಟೇನನ ನೀತಿಕಥೆಗಳಿಂದ ಪಟ್ಟಣದ ಇಲಿ-ಹಳ್ಳಿಯ ಇಲಿ ಮುಂತಾದ ಚಿತ್ರಗಳನ್ನು ಮಾಡಿದರು. ಮಗಳು ಐರೀನಳೊಡನೆ ಸೇರಿ ಮಾಡಿದ ಮಹಾಕೃತಿ, ಯೂರೋಪಿನ ಮಧ್ಯಯುಗದ ಕುತಂತ್ರಿ ನರಿ ರೆನಾರ್ಡನ ಕಥೆ. ಗೊಂಬೆಗಳ ಚಿತ್ರೀಕರಣ 1930ರ ಹೊತ್ತಿಗೆ ಮುಗಿದರೂ, ಧ್ವನಿ ಸೇರಿಸುವ ತೊಡಕಿನಿಂದ ಅದು ತೆರೆ ಕಂಡದ್ದು 1937ರಲ್ಲಿ, ಅದೂ ಬರ್ಲಿನ್ನಿನಲ್ಲಿ ಜರ್ಮನ್ ಭಾಷೆಯಲ್ಲಿ. ಫ್ರೆಂಚ್ ಪ್ರತಿ ಬಂದದ್ದು 1941ರಲ್ಲಿ.

ಇಲ್ಲಿ ಕನ್ನಡಿಗರಾದ ನಾವು ಕಿವಿಗೊಡಬೇಕಾದ ಒಂದು ಮಾತಿದೆ. ಲಾ ಫೋಂಟೇನ್ 1678ರಲ್ಲಿ ತನ್ನ ನೀತಿಕಥೆಗಳ ಎರಡನೆಯ ಸಂಗ್ರಹವನ್ನು ಪ್ರಕಟಿಸುವಾಗ, ಇವುಗಳಲ್ಲಿ ಹೆಚ್ಚಿನವಕ್ಕೆ ತಾನು ಭಾರತದ ಪಿಲ್ಪೇ ಎಂಬ ಋಷಿಗೆ ಋಣಿಯೆಂದು ಬರೆದ. ಪಿಲ್ಪೇ ಎಂದರೆ ಪರ್ಷಿಯನ್, ಅರಬ್ಬೀ ಭಾಷೆಗಳನ್ನು ಹಾಯ್ದು ಯೂರೋಪು ಸೇರಿದ ನಮ್ಮ ಪಂಚತಂತ್ರದ ಕರ್ತೃವಿನ ಅಲ್ಲಿಯ ಹೆಸರು. ಅದೇ ಪಂಚತಂತ್ರವನ್ನು ಹನ್ನೊಂದನೆಯ ಶತಮಾನದಲ್ಲಿಯೇ ದುರ್ಗಸಿಂಹ ವಸುಭಾಗನ ಪರಂಪರೆಯನ್ನು ಹಿಡಿದು ಕನ್ನಡಕ್ಕೆ ತಂದಿದ್ದ. ರೆನಾರ್ಡನ ಕಥೆಗೆ ಬೇರೆ ಮೂಲವಿದ್ದರೂ, ಕರಟಕ-ದಮನಕರನ್ನು ಬಾಲ್ಯದಲ್ಲಿ ಕಂಡವರಿಗೆ ಸ್ಟಾರೆವಿಚ್ಚರ ನರಿ ಅಪರಿಚಿತನೆನಿಸುವುದಿಲ್ಲ.

ಜರ್ಮನಿಯ ಲೋಟ್ಟೆ ರೈನಿಗರ್ ಎಂಬಾಕೆಯ ಹೆಸರನ್ನೂ ಬಿಡುವಂತಿಲ್ಲ. 1918ರಲ್ಲಿ ಹ್ಯಾಮೆಲಿನ್ ಊರಿನ ಕಿಂದರಿಜೋಗಿಯ ಚಿತ್ರ ತೆಗೆಯುವಾಗ ಜೀವಂತ ಇಲಿಗಳು ನಿರ್ದೇಶಕರ ಮಾತು ಕೇಳಲಿಲ್ಲ. ಹತ್ತೊಂಬತ್ತರ ರೈನಿಗರ್ ಮತ್ತು ಸಂಗಡಿಗರು ಮರದ ಇಲಿಗಳನ್ನು ಒಂದೊಂದೇ ಚೌಕ ಸರಿಸಿ ಜೋಗಿಯ ಹಿಂದೆ ನಡೆಸಿದರು. ನಂತರ ಆಕೆ ಕಪ್ಪು ಕಾಗದವನ್ನು ಕತ್ತರಿಯಿಂದ ಕೊರೆದು, ಕೀಲು ಕೂಡಿಸಿ, ಗಾಜಿನ ಮೇಜಿನ ಮೇಲಿಟ್ಟು ಕೆಳಗಿನಿಂದ ಬೆಳಕು ಹಾಯಿಸಿ, ಅರೇಬಿಯನ್ ನೈಟ್ಸ್ ಕಥೆಗಳಿಂದ 'ರಾಜಕುಮಾರ ಅಹಮದನ ಸಾಹಸಗಳು' ಎಂಬ ಪೂರ್ಣ ಪ್ರಮಾಣದ ಚಿತ್ರ ಮಾಡಿದರು. ಮೂರು ವರ್ಷದ ದುಡಿಮೆ, 1926ರಲ್ಲಿ ಬಿಡುಗಡೆ. ಮಾಂತ್ರಿಕ, ಹಾರುವ ಕುದುರೆ, ಅಲ್ಲಾವುದ್ದೀನನ ದೀಪ, ಎಲ್ಲವೂ ನೆರಳಿನಲ್ಲಿ. ನಮ್ಮ ತೊಗಲುಗೊಂಬೆಯಲ್ಲಿ ಬೆಳಕು ಬಣ್ಣದ ಚರ್ಮವನ್ನು ಹಾಯ್ದು ಬರುತ್ತದೆ, ಆಕೆಯ ಗೊಂಬೆಯಲ್ಲಿ ಅಂಚನ್ನು ಮಾತ್ರ ಬಿಡಿಸಿ ತೋರಿಸುತ್ತದೆ. ಕರ್ನಾಟಕದ ತೊಗಲುಗೊಂಬೆಗಳಲ್ಲಿ ಒಂದೇ ಚರ್ಮದ ಮೇಲೆ ಅನೇಕ ಪಾತ್ರಗಳಿರುವ ಇಡೀ ದೃಶ್ಯವನ್ನೇ ಕೊರೆದಿರುವುದುಂಟು. ಅದೂ ಒಂದು ಡಯೋರಮಾವೇ ಎಂದು ನನಗೆ ಅನಿಸುತ್ತದೆ.

ಈ ವಿದ್ಯೆ ಕಾವ್ಯವಾದದ್ದು ಮಾತ್ರ ಚೆಕೊಸ್ಲೊವಾಕಿಯದಲ್ಲಿ, ಯಿರಿ ಟ್ರನ್ಕಾ ಎಂಬಾತನ ಕೈಯಲ್ಲಿ. ಇವರ ಕಥೆಯನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು.

1912ರಲ್ಲಿ ಪ್ಲ್ಜೆನ್ ಎಂಬ ಊರಿನಲ್ಲಿ ಜನನ. ತಂದೆ ಕೊಳಾಯಿ ಕೆಲಸದವರು, ತಾಯಿ ಬಟ್ಟೆ ಹೊಲಿಯುವವರು. ಹುಡುಗ ಮರದಲ್ಲಿ ಗೊಂಬೆ ಕೆತ್ತಿ ಗೆಳೆಯರಿಗೆ ಆಟ ತೋರಿಸುತ್ತಿದ್ದ. ಶಾಲೆಯಲ್ಲಿ ಅವನಿಗೆ ಸಿಕ್ಕಿದ ಮೇಷ್ಟರು ಯೋಸೆಫ್ ಸ್ಕುಪಾ. ಅವರು ಸ್ವತಃ ಸೂತ್ರದ ಗೊಂಬೆಯಾಟದಲ್ಲಿ ದೇಶಪ್ರಸಿದ್ಧರಾದವರು. ಮುಂದೆ 1944ರಲ್ಲಿ ನಾಜಿಗಳು ಅವರನ್ನು ಬಂಧಿಸಿ ಡ್ರೆಸ್ಡೆನ್ನಿನ ಸೆರೆಯಲ್ಲಿಟ್ಟರು. 1945ರ ಫೆಬ್ರವರಿಯ ಬಾಂಬುದಾಳಿಯಲ್ಲಿ ಊರು ಹೊತ್ತಿ ಉರಿದಾಗ ತಪ್ಪಿಸಿಕೊಂಡು ಬದುಕಿದರು. ಈ ಸ್ಕುಪಾ ತಮ್ಮ ವಿದ್ಯಾರ್ಥಿಯ ಕೈಯನ್ನು ಗುರುತಿಸಿ, ಕೆಲಸಗಳನ್ನು ವಹಿಸಿಕೊಟ್ಟು, ಹಿಂದೇಟು ಹಾಕುತ್ತಿದ್ದ ತಂದೆತಾಯಿಯರನ್ನು ಒಪ್ಪಿಸಿ, 1929ರಲ್ಲಿ ಪ್ರಾಗ್ ನಗರದ ಕಲಾಶಾಲೆಗೆ ಸೇರಿಸಿದರು. ಒಬ್ಬ ಮೇಷ್ಟರು ಹೋಗಿ ಮನೆಯವರೊಡನೆ ನಾಲ್ಕು ಮಾತಾಡಿದ್ದರಿಂದ ಆದ ಉಪಕಾರವಿದು.

ಟ್ರನ್ಕಾ 1949ರಲ್ಲಿ ಆಂಡರ್ಸನ್ನನ ಚಕ್ರವರ್ತಿ ಮತ್ತು ಬುಲ್‌ಬುಲ್ ಹಕ್ಕಿಯ ಕಥೆಯನ್ನೂ, 1959ರಲ್ಲಿ ಶೇಕ್ಸ್‌ಪಿಯರನ 'ನಡುಬೇಸಗೆಯ ರಾತ್ರಿಯ ಕನಸ'ನ್ನೂ ಗೊಂಬೆಗಳಲ್ಲಿ ತಂದರು. ಅವರ ಗೊಂಬೆಗಳ ಮುಖದಲ್ಲಿ ಬಾಯಿ ಅಲುಗುವುದಿಲ್ಲ, ಹುಬ್ಬು ಏರುವುದಿಲ್ಲ. ಒಂದೇ ಮುಖ. ದೀಪವನ್ನು ಒಂದು ಬದಿಗೆ ಸರಿಸಿದರೆ, ತಲೆಯನ್ನು ಎಳ್ಳಷ್ಟು ಬಾಗಿಸಿದರೆ ಅದೇ ಮುಖ ನಗುತ್ತದೆ, ಅದೇ ಮುಖ ಕೊರಗುತ್ತದೆ. ನಡುರಾತ್ರಿಯ ಪ್ರಾರ್ಥನೆಗೆ ಬೆಳಕಿನಿಂದಲೇ ಜನರನ್ನು ಕರೆತಂದ ಡಗೆರ್ ಇಲ್ಲಿ ನೆನಪಾಗುತ್ತಾನೆ. ಅವರದೇ ದೇಶದ ಕಾರೆಲ್ ಝೆಮಾನ್ 1949ರಲ್ಲಿ ಗಾಜಿನ ಗೊಂಬೆಗಳನ್ನು ಕುಣಿಸಿದರು. 1958ರಲ್ಲಿ ವರ್ನನ ಕಾದಂಬರಿಯೊಂದನ್ನು ತೆಗೆಯುವಾಗ, ಹಳೆಯ ಪುಸ್ತಕದ ಅಚ್ಚುಚಿತ್ರಗಳ ಗೆರೆಗಳನ್ನೇ ರಂಗಸಜ್ಜಿನ ಮೇಲೆ ಎಳೆದು, ಪುಸ್ತಕದ ಪುಟವೇ ಎದ್ದು ನಡೆದಂತೆ ಮಾಡಿದರು. ಮೆಲಿಯೆಸ್ ಸುಟ್ಟ ಚಿತ್ರಗಳ ಬೂದಿಯಿಂದ ಹುಟ್ಟಿದ ಮಗನೆಂದು ಝೆಮಾನರನ್ನು ಕರೆದರೆ ತಪ್ಪಾಗದು.

ಟ್ರನ್ಕಾ ಅವರ ಕೊನೆಯ ಚಿತ್ರ 1965ರದು. ಹೆಸರು 'ಕೈ'. ಸುಮಾರು ಹದಿನೆಂಟು ನಿಮಿಷ. ಒಂದು ಕೋಣೆ, ಅದರೊಳಗೆ ಒಬ್ಬ ಪುಟ್ಟ ಕುಂಬಾರ. ತನ್ನ ಒಂದೇ ಒಂದು ಗುಲಾಬಿ ಗಿಡಕ್ಕಾಗಿ ಕುಂಡ ಮಾಡುತ್ತಾನೆ. ಬಾಗಿಲು ತೆರೆದು ದೊಡ್ಡದೊಂದು ಕೈ ಒಳಗೆ ಬರುತ್ತದೆ: ಗೊಂಬೆಯದಲ್ಲ, ನಿಜವಾದ ಮನುಷ್ಯನ ಕೈ. ಕುಂಡ ಬೇಡ, ನನ್ನ ಪ್ರತಿಮೆ ಮಾಡು ಎನ್ನುತ್ತದೆ. ಓಲೈಸುತ್ತದೆ, ಕಾಣಿಕೆ ಕೊಡುತ್ತದೆ, ಹೆದರಿಸುತ್ತದೆ, ಪಂಜರದಲ್ಲಿ ಹಾಕಿ ಕೆಲಸ ಮಾಡಿಸುತ್ತದೆ. ಕುಂಬಾರ ತಪ್ಪಿಸಿಕೊಂಡು ಮನೆಗೆ ಓಡಿಬಂದು, ಅದೇ ಕುಂಡ ತಲೆಯ ಮೇಲೆ ಬಿದ್ದು ಸಾಯುತ್ತಾನೆ. ಕೈ ಅವನಿಗೆ ಸರ್ಕಾರಿ ಮರ್ಯಾದೆಯ ಅಂತ್ಯಸಂಸ್ಕಾರ ಮಾಡುತ್ತದೆ. ಎಪ್ಪತ್ತು ವರ್ಷಗಳ ಕಾಲ ಜಾದೂಗಾರರೂ ಗೊಂಬೆಗಾರರೂ ಜತನದಿಂದ ಮರೆಮಾಡಿದ್ದ ಕೈಯನ್ನು ಟ್ರನ್ಕಾ ತೆರೆಯ ಮೇಲೆ ತಂದು ನಿಲ್ಲಿಸಿದರು. ಅದು ಯಾರ ಕೈ ಎಂದು ಆ ದೇಶದ ಜನಕ್ಕೆ ಬಿಡಿಸಿ ಹೇಳಬೇಕಾಗಿರಲಿಲ್ಲ. 1969ರ ಡಿಸೆಂಬರಿನಲ್ಲಿ ಟ್ರನ್ಕಾ ತೀರಿಕೊಂಡರು. ಅವರಿಗೂ ಸರ್ಕಾರಿ ಮರ್ಯಾದೆಯೇ ಆಯಿತು. ಕೆಲವೇ ತಿಂಗಳಲ್ಲಿ ಚಿತ್ರದ ಪ್ರತಿಗಳನ್ನು ವಶಪಡಿಸಿಕೊಂಡು ಸುಮಾರು ಇಪ್ಪತ್ತು ವರ್ಷ ಕಾಲ ಬೀಗ ಹಾಕಿಟ್ಟರು.

ಈಗ ನನ್ನ ತಪ್ಪಿನ ಮಾತು.

1976ರಲ್ಲಿ ನಾನು ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲೆಯಲ್ಲಿದ್ದೆ. ಎಂಟನೆಯ ತರಗತಿಯಲ್ಲಿ ಮಾತು ಕಡಿಮೆಯ ಒಬ್ಬ ಹುಡುಗನಿದ್ದ. ಒಂದು ದಿನ ಅವನು ಚಪ್ಪಲಿ ಅಂಗಡಿಯ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ಕಿಟಕಿಯ ಮೇಲಿಟ್ಟ. ಪಕ್ಕದಲ್ಲಿ ಒಂದು ತೂತು. ಕಣ್ಣಿಟ್ಟು ನೋಡಿದರೆ ಒಳಗೆ ಕಾಡು. ಕಡ್ಡಿಪುಡಿಯ ಮರಗಳು, ಅಡಿಕೆ ಹಾಳೆಯಲ್ಲಿ ಕತ್ತರಿಸಿದ ಸಿಂಹ, ಹತ್ತಿಯ ಮೊಲ, ತೆಂಗಿನ ಕರಟದ ಬಾವಿ. ನೀವೆಲ್ಲ ಬಲ್ಲ ಪಂಚತಂತ್ರದ ಕಥೆಯೇ. ಬಾವಿಯೊಳಗೆ ಒಡೆದ ಕನ್ನಡಿಯ ಚೂರೊಂದನ್ನು ಕೂರಿಸಿದ್ದ. ತೂತಿನಿಂದ ನೋಡುವವರಿಗೆ ಸಿಂಹದ ಬೆನ್ನು ಮಾತ್ರ ಕಾಣುತ್ತಿತ್ತು. ಅದರ ಮುಖ, ಆ ಕೋಪದ ಮುಖ, ಬಾವಿಯ ತಳದಿಂದ ನೋಡುತ್ತಿತ್ತು. ತರಗತಿಯ ಮಕ್ಕಳೆಲ್ಲ ಸಾಲುಗಟ್ಟಿ ನೋಡಿದರು. ನಾನೂ ನೋಡಿದೆ.

ಮೂರನೆಯ ದಿನ ಶಾಲೆಗೆ ಇನ್‌ಸ್ಪೆಕ್ಷನ್ ಎಂದು ತಿಳಿಯಿತು. ಟಿಪ್ಪಣಿ ಪುಸ್ತಕಗಳನ್ನು ನೋಡುತ್ತಿದ್ದಾಗ ಅವನ ಚರಿತ್ರೆಯ ಪುಸ್ತಕದ ಪ್ರತಿ ಹಾಳೆಯ ಮೂಲೆಯಲ್ಲಿಯೂ ಪುಟ್ಟ ಸಿಂಹದ ಚಿತ್ರ ಕಂಡಿತು. ಪುಟಪುಟಕ್ಕೂ ಸ್ವಲ್ಪ ಸ್ವಲ್ಪ ಬೇರೆ. ಹೆಬ್ಬೆರಳಿನಿಂದ ಹಾಳೆಗಳನ್ನು ಬಿಡುತ್ತ ಹೋದರೆ ಸಿಂಹ ಬಾವಿಗೆ ಹಾರುತ್ತಿತ್ತೆಂಬುದು ಇಂದು ನನಗೆ ಗೊತ್ತು. ಅಂದು ನಾನು ಹಾಳೆ ಬಿಟ್ಟು ನೋಡಲಿಲ್ಲ. ಎಲ್ಲರ ಎದುರಿಗೆ ಕೈ ಚಾಚಲು ಹೇಳಿ ಎರಡು ಏಟು ಕೊಟ್ಟೆ. ಕಿಟಕಿ ಸ್ವಚ್ಛವಾಗಿರಬೇಕೆಂದು ಪೆಟ್ಟಿಗೆಯನ್ನು ಹೊರಗಿನ ಜಗುಲಿಗೆ ಇಡಿಸಿದೆ. ರಾತ್ರಿ ಮಳೆ ಬಂತು. ಮಾರನೆಯ ದಿನ ಅವನು ಒದ್ದೆ ರಟ್ಟಿನಿಂದ ಕನ್ನಡಿಯ ಚೂರನ್ನು ಮಾತ್ರ ಹೆಕ್ಕಿ ಜೇಬಿಗೆ ಹಾಕಿಕೊಂಡದ್ದನ್ನು ಸ್ಟಾಫ್‌ರೂಮಿನ ಬಾಗಿಲಿನಿಂದ ಕಂಡೆ. ಆ ವರ್ಷದ ಪರೀಕ್ಷೆಯ ನಂತರ ಅವನು ಶಾಲೆ ಬಿಟ್ಟ. ಮನೆಯ ಕಷ್ಟವೆಂದು ಹೇಳಿದರು. ನಾನು ಆ ಮನೆಗೆ ಹೋಗಿ ನಾಲ್ಕು ಮಾತಾಡಲಿಲ್ಲ.

ಏಟು ಕೊಡುವುದು ಆ ಕಾಲದ ಪದ್ಧತಿ ಎಂದು ಸಮಾಧಾನ ಹೇಳುವವರಿದ್ದಾರೆ. ಸ್ಕುಪಾ ಅವರ ಕಾಲವೂ ಒಳ್ಳೆಯ ಕಾಲವೇನಾಗಿರಲಿಲ್ಲ. ಟ್ರನ್ಕಾ ಅವರ ಚಿತ್ರವನ್ನು ಮೊದಲ ಬಾರಿ ನೋಡಿದಾಗ, ಬಾಗಿಲು ತೆರೆದು ಆ ದೊಡ್ಡ ಕೈ ಒಳಗೆ ಬಂದ ಕ್ಷಣದಲ್ಲಿ, ನಾನು ನನ್ನ ಬಲಗೈಯನ್ನು ನೋಡಿಕೊಂಡೆ.

ಮೊಮ್ಮಗಳು ರಜೆ ಮುಗಿಸಿ ಹೊರಟ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಹುಡುಕಿ ತೆಗೆದೆ. ಕರಟ ಸಿಕ್ಕಿತು, ಅಡಿಕೆ ಹಾಳೆ ಸಿಕ್ಕಿತು. ವಯಸ್ಸಾದ ಬೆರಳುಗಳಿಗೆ ಸಿಂಹವೊಂದನ್ನು ಕತ್ತರಿಸಲು ಮೂರು ದಿನ ಬೇಕಾಯಿತು. ಎಲ್ಲವೂ ತಕ್ಕಮಟ್ಟಿಗೆ ಕೂಡಿಬಂದಿದೆ, ಒಂದನ್ನು ಬಿಟ್ಟು. ಕನ್ನಡಿಯನ್ನು ಎಷ್ಟು ವಾಲಿಸಿದರೂ ತೂತಿನಿಂದ ನೋಡುವಾಗ ಬಾವಿಯಲ್ಲಿ ಒಮ್ಮೆ ಪೆಟ್ಟಿಗೆಯ ಮುಚ್ಚಳ ಕಾಣುತ್ತದೆ, ಒಮ್ಮೆ ನನ್ನದೇ ಕಣ್ಣು ಕಾಣುತ್ತದೆ. ಸಿಂಹದ ಮುಖ ಮಾತ್ರ ಬರುವುದಿಲ್ಲ. ಹದಿಮೂರು ವರ್ಷದ ಹುಡುಗ ಅದನ್ನು ಹೇಗೆ ಸಾಧಿಸಿದ್ದನೋ ನನಗೆ ಇನ್ನೂ ಹೊಳೆದಿಲ್ಲ.

ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಆ ತರಗತಿಯವರು ಕೆಲವರಿದ್ದೀರಿ. ಪೆಟ್ಟಿಗೆಯೊಳಗೆ ಇಣುಕಿ ನೋಡಿದ ನೆನಪು ನಿಮಗೂ ಇರಬಹುದು. ಅವನು ಎಲ್ಲಿದ್ದಾನೆಂದು ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ, ಮೇಷ್ಟರು ಕನ್ನಡಿ ಕೂರಿಸುವ ಬಗೆಯನ್ನು ಹೇಳಿಸಿಕೊಳ್ಳಲು ಕಾದಿದ್ದಾರೆಂದು ಅವನಿಗೆ ತಿಳಿಸಿ.